ಬ್ರಿಟಿಷ್ ಮ್ಯೂಸಿಯಂ ನೋಡೋಕೆ ಗೈಡ್ ಟೂರ್ ಬೇಕಾ?

ನೀವು ಗದಗದವರು, ತಮ್ಮ ಲಂಡನ್‌ನಲ್ಲಿದ್ದಾನೆ, ವಯಸ್ಸಾದ ಅಪ್ಪ-ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದೀರಿ. ಬ್ರಿಟಿಷ್ ಮ್ಯೂಸಿಯಂಗೆ ಇರೋದು ಅರ್ಧ ದಿನ. ಅವರಿಗೆ ಇಂಗ್ಲಿಷ್ ಬರೋದಿಲ್ಲ, ಹಾಗಿರುವಾಗ ಗೈಡ್ ಟೂರ್‌ನಿಂದ ಏನಾದರೂ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ನಾನು ಧಾರವಾಡದವನು, ನನ್ನ ಅವ್ವನ ಜೊತೆ ಹೋಗಿ ಬಂದಿದ್ದೇನೆ. ಖಂಡಿತ ಉಪಯೋಗ ಇದೆ. ಆದರೆ ಯಾವ ಟೂರ್ ಅನ್ನೋದು ಮುಖ್ಯ.

ಮೊದಲು ಒಂದು ಆಸೆ ಬಿಡಿ, ಎಲ್ಲಾ ನೋಡಬೇಕು ಅನ್ನೋದು. ಅಲ್ಲಿ ಸುಮಾರು 80 ಲಕ್ಷ ವಸ್ತುಗಳಿವೆ. ಜನರ ಕಣ್ಣಿಗೆ ಬೀಳೋಕೆ ಇಟ್ಟಿರೋದು ಅದರಲ್ಲಿ ನೂರಕ್ಕೆ ಒಂದು ಪಾಲು, ಅಂದರೂ 80 ಸಾವಿರ! ಇಡೀ ಜಗತ್ತನ್ನು 90 ನಿಮಿಷದಲ್ಲಿ ಸುತ್ತಿಸೋ ಟೂರ್ ಒಂದಿದೆ, ಅದಕ್ಕೆ ದುಡ್ಡು ಕೊಡಬೇಕು. ವಯಸ್ಸಾದವರಿಗೆ ಅದು ಬೇಡ. ಈಜಿಪ್ಟ್, ಗ್ರೀಸ್, ಚೀನಾ ಅಂತ ಓಡಿ ಓಡಿ ಕಾಲು ಸೋಲುತ್ತೆ, ತಲೆಯಲ್ಲಿ ಏನೂ ಉಳಿಯಲ್ಲ. ಅದರ ಬದಲು ಐ-ಓಪನರ್ ಅನ್ನೋ ಟೂರ್‌ಗಳಿಗೆ ಹೋಗಿ. ಪುಕ್ಕಟೆ. ಸ್ವಯಂಸೇವಕರು ನಡೆಸುತ್ತಾರೆ. ಒಂದೇ ವಿಭಾಗ, 30-40 ನಿಮಿಷ, ಅಷ್ಟೇ. ಕನ್ನಡದಲ್ಲಿ ಹೇಳೋರು ಯಾರೂ ಇರೋದಿಲ್ಲ. ಪಕ್ಕದಲ್ಲಿ ನಿಂತು ನೀವೇ ಮೆಲ್ಲಗೆ ಹೇಳುತ್ತಾ ಹೋಗಬೇಕು.

ನಾವು ಹೋದ ದಿನ ಭಾರತದ ಕಡೆಯ ಟೂರ್ ಇತ್ತು. 33ನೇ ಕೋಣೆ ದಾಟಿದರೆ 33ಎ ಅಂತ ಗಾಜಿನ ಗೋಡೆಯ ಒಂದು ಕೋಣೆ ಸಿಗುತ್ತೆ. ಅಲ್ಲಿರೋದು ಅಮರಾವತಿಯ ಕಲ್ಲುಗಳು. ಆಂಧ್ರದ ಕೃಷ್ಣಾ ದಂಡೆಯಲ್ಲಿದ್ದ ದೊಡ್ಡ ಬೌದ್ಧ ಸ್ತೂಪದ ಸುತ್ತ ಹಚ್ಚಿದ್ದ ಬಿಳಿ ಸುಣ್ಣಕಲ್ಲಿನ ಚಪ್ಪಡಿಗಳು. ಅವ್ವನಿಗೆ ನಾನು ಹೇಳಿದ್ದು ಇಷ್ಟೇ: "ನಾವು ಕುಡಿಯೋ ಮಲಪ್ರಭಾ ನೀರು ಕೂಡಲಸಂಗಮದಾಗ ಕೃಷ್ಣಾ ಸೇರ್ತದಲ್ಲ, ಮುಂದ ಅದು ಈ ಊರ ಬಾಜೂಕ ಹರೀತದ." ಅಲ್ಲಿಂದ ಅವಳ ನೋಟವೇ ಬದಲಾಯಿತು.

ಅದರಲ್ಲಿ ಒಂದು ಕಲ್ಲಿಗೆ ಎರಡೂ ಬದಿ ಕೆತ್ತನೆ ಇದೆ. ಒಂದು ಬದಿ ಇಡೀ ಸ್ತೂಪದ ಚಿತ್ರ, ಒಂದಿಂಚೂ ಖಾಲಿ ಬಿಡದೆ ತುಂಬಿದ್ದಾರೆ. ಇನ್ನೊಂದು ಬದಿ ಅದಕ್ಕಿಂತ ನೂರಾರು ವರ್ಷ ಹಳೆಯದು. ಹಳೇ ಕಲ್ಲನ್ನೇ ತಿರುಗಿಸಿ ಮತ್ತೆ ಬಳಸಿದ್ದಾರೆ. ಆ ಹಳೇ ಬದಿಯಲ್ಲಿ ಬುದ್ಧ ಇಲ್ಲ. ಬೋಧಿ ಮರ, ಅದರ ಕೆಳಗೆ ಖಾಲಿ ಪೀಠ, ಎರಡು ಪಾದದ ಗುರುತು, ಆಚೆ ಈಚೆ ಕೈ ಮುಗಿದ ಜನ. ಆಗಿನವರು ಬುದ್ಧನ ರೂಪ ಕೆತ್ತುತ್ತಿರಲಿಲ್ಲ, ಖಾಲಿ ಜಾಗದಿಂದಲೇ ಅವನು ಇದ್ದಾನೆ ಅಂತ ತೋರಿಸುತ್ತಿದ್ದರು ಅಂತ ಗೈಡ್ ವಿವರಿಸುತ್ತಿದ್ದರು. ನಾನು ಕನ್ನಡಕ್ಕೆ ತಿರುಗಿಸೋ ಮೊದಲೇ ಅವ್ವ ಅಂದಳು: "ಇದು ಗದ್ದಿಗಿ ಅಲ್ಲೇನು? ಗದ್ದಿಗಿ, ಪಾದ. ಅಜ್ಜಾರು ಇಲ್ಲಂದ್ರೂ ನಾವು ನಮಸ್ಕಾರ ಮಾಡಂಗಿಲ್ಲೇನು?" ಗೈಡ್‌ಗೆ ಇದನ್ನು ಇಂಗ್ಲಿಷ್‌ನಲ್ಲಿ ಹೇಳಿದೆ. ಆ ಅಮ್ಮ ಟೂರ್ ನಿಲ್ಲಿಸಿ, ಗದ್ದಿಗೆ ಅಂದರೆ ಏನು ಅಂತ ಅವ್ವನಿಗೇ ಕೇಳಿದರು. ಐದು ನಿಮಿಷ ಅವ್ವ ಹೇಳಿದಳು, ನಾನು ದಾಟಿಸಿದೆ. ಇಂಗ್ಲಿಷ್ ಬರೋದಿಲ್ಲ ಅನ್ನೋ ನಿಮ್ಮ ಚಿಂತೆಗೆ ನನ್ನ ಹತ್ತಿರ ಇರೋ ಉತ್ತರ ಇದೇ.

ನಿಮಗೆ ಹೇಳಲೇಬೇಕಾದದ್ದು ಇನ್ನೂ ಒಂದಿದೆ. ಈ ಕಲ್ಲುಗಳಿಗೆ ಹಿಂದೆ 'ಎಲಿಯಟ್ ಮಾರ್ಬಲ್ಸ್' ಅಂತಲೇ ಹೆಸರಿತ್ತು. 1845ರಲ್ಲಿ ಅಮರಾವತಿಯಲ್ಲಿ ಅಗೆಸಿದವನು ವಾಲ್ಟರ್ ಎಲಿಯಟ್. ಕಲ್ಲುಗಳು ಮದ್ರಾಸಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು 1859ರಲ್ಲಿ ಹಡಗು ಹತ್ತಿದವು. ಹೆಸರು ಕೇಳಿದ ಕೂಡಲೇ ನನಗೆ ಕಿತ್ತೂರು ನೆನಪಾಯಿತು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತ ಯುದ್ಧದಲ್ಲಿ ರಾಣಿ ಚೆನ್ನಮ್ಮನ ಕಡೆಯವರು ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಸೆರೆ ಹಿಡಿದರು ಅಂತ ಶಾಲೆಯಲ್ಲಿ ಓದಿದ್ದೀವಿ ಅಲ್ವಾ? ಸ್ಟೀವನ್ಸನ್ ಮತ್ತು ಎಲಿಯಟ್. ಅದೇ ಎಲಿಯಟ್! ಬಿಡುಗಡೆಯಾದ ಮೇಲೂ ನಮ್ಮ ಸೀಮೆಯಲ್ಲೇ ಕೆಲಸ ಮಾಡಿ, ಮುಂದೆ ನಮ್ಮ ಕಡೆಯ 595 ಶಾಸನಗಳ ಪ್ರತಿ ಮಾಡಿಸಿ ಇಟ್ಟವನು. ಅವನು ಕಲ್ಲು ಸಾಗಿಸಿದ್ದು ನನಗೆ ಸರಿ ಅನ್ನಿಸಲ್ಲ. ಶಾಸನ ಬರೆಸಿಕೊಂಡದ್ದಕ್ಕೆ ಮಾತ್ರ ಋಣ ಇದೆ ಅನ್ನಿಸುತ್ತೆ. ಎರಡೂ ಒಟ್ಟಿಗೇ ಅನ್ನಿಸುತ್ತೆ.

ಅದಕ್ಕೇ ಅಲ್ಲಿ ಯಾವ ವಸ್ತು ಕಂಡರೂ ಗೈಡ್‌ಗೆ ಒಂದು ಪ್ರಶ್ನೆ ಕೇಳಿ: ಇದು ಇಲ್ಲಿಗೆ ಹೇಗೆ ಬಂತು? ನಾಚಿಕೆ ಬೇಡ. ಕೆಳಗಿನ 25ನೇ ಕೋಣೆಯಲ್ಲಿ ಆಫ್ರಿಕಾದ ಬೆನಿನ್ ಹಿತ್ತಾಳೆ ಫಲಕಗಳಿವೆ. 1897ರಲ್ಲಿ ಬ್ರಿಟಿಷ್ ಸೈನ್ಯ ಅರಮನೆ ಲೂಟಿ ಮಾಡಿದಾಗ ಹೊತ್ತು ತಂದದ್ದು. ಅದನ್ನು ತಿಳಿದು ನೋಡೋದಕ್ಕೂ ಸುಮ್ನೆ ಚೆಂದ ಅಂತ ನೋಡೋದಕ್ಕೂ ಬಹಳ ವ್ಯತ್ಯಾಸ.

ಹೊರಡೋ ಮುಂಚೆ ಒಂದು ಭಾನುವಾರ ಅಪ್ಪ-ಅವ್ವನನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿ. ನಿಮ್ಮಿಂದ ಹತ್ತು-ಹನ್ನೆರಡು ಕಿಲೋಮೀಟರ್ ಅಷ್ಟೇ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗಿನ ನಾಲ್ಕು ಮುಖದ ಬ್ರಹ್ಮನನ್ನು ನಿಧಾನವಾಗಿ ಸುತ್ತಿ ನೋಡಿ, ಅಲ್ಲೇ ಇರೋ ಶಿಲ್ಪಗಳ ಮ್ಯೂಸಿಯಂನಲ್ಲಿ ಒಂದು ತಾಸು ಕಳೆಯಿರಿ. ಕಲ್ಲು ನೋಡೋ ಕಣ್ಣು ಅಲ್ಲೇ ಪಳಗುತ್ತೆ. ಲಂಡನ್‌ನಲ್ಲಿ ಅವರೇ ನಿಮಗೆ ತೋರಿಸುತ್ತಾರೆ.

ಪ್ರವೇಶಕ್ಕೆ ದುಡ್ಡಿಲ್ಲ. ಬಾಗಿಲಲ್ಲಿ ಚೀಲ ತಪಾಸಣೆ ಇದೆ, ಗಾಲಿ ಸೂಟ್‌ಕೇಸ್ ಒಳಗೆ ಬಿಡೋದಿಲ್ಲ. ಶುಕ್ರವಾರ ರಾತ್ರಿ 8:30ರವರೆಗೆ ತೆರೆದಿರುತ್ತೆ. 33ಎ ಒಮ್ಮೊಮ್ಮೆ ಮುಚ್ಚಿರಬಹುದು. ಒಳಗೆ ಹೋದ ಕೂಡಲೇ ವಿಚಾರಣೆ ಕೌಂಟರ್‌ನಲ್ಲಿ ಆ ಕೋಣೆ ಮತ್ತು ಆ ದಿನದ ಟೂರ್ ವೇಳೆ ಎರಡನ್ನೂ ಕೇಳಿಕೊಳ್ಳಿ.