ಓದುಗರ ಪ್ರಶ್ನೆ: ಮಹಿಳಾ ಫುಟ್ಸಾಲ್ ತಂಡವೇನೋ ಬಂತು, ಆಡಲು ಲೀಗ್ ಎಲ್ಲಿದೆ?

ಪ್ರಶ್ನೆ: ಭಾರತಕ್ಕೆ ಮಹಿಳೆಯರ ಫುಟ್ಸಾಲ್ ತಂಡವೂ ಇದೆ ಎಂದು ಕಾಲೇಜಿನಲ್ಲಿ ಫುಟ್‌ಬಾಲ್ ಆಡುವ ನನ್ನ ಮಗಳು ಹೇಳುತ್ತಾಳೆ. ಈ ತಂಡ ಯಾವಾಗ ಕಣಕ್ಕಿಳಿಯಿತು? ಏನಾದರೂ ಗೆದ್ದಿದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಒಳಾಂಗಣದಲ್ಲಿ ಐದೈದು ಜನ ಆಡುವ ಫುಟ್‌ಬಾಲ್ ರೂಪವೇ ಫುಟ್ಸಾಲ್. ಭಾರತದ ಮಹಿಳಾ ಫುಟ್ಸಾಲ್ ತಂಡ ಮೊದಲ ಬಾರಿಗೆ ಅಂತರರಾಷ್ಟ್ರೀಯ ಕಣಕ್ಕಿಳಿದದ್ದು 2025ರ ಜನವರಿಯಲ್ಲಿ, ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ನಡೆದ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ. ಆತಿಥೇಯ ಇಂಡೊನೇಷ್ಯಾ ಮತ್ತು ಹಾಂಗ್‌ಕಾಂಗ್ ಇದ್ದ ಗುಂಪಿನಿಂದ ನಮ್ಮವರಿಗೆ ಮುಂದಕ್ಕೆ ಹೋಗಲು ಸಾಧ್ಯವಾಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಚೀನಾದ ಹೊಹೊಟ್‌ನಲ್ಲಿ ನಡೆದ ಪ್ರಧಾನ ಟೂರ್ನಿಯ ಫೈನಲ್‌ನಲ್ಲಿ ಜಪಾನ್ ತಂಡವು ಥಾಯ್ಲೆಂಡನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿತು. ಈ ಎರಡು ತಂಡಗಳೂ ಮೂರನೆಯ ಸ್ಥಾನ ಪಡೆದ ಇರಾನ್ ತಂಡವೂ ಫಿಲಿಪ್ಪೀನ್ಸ್‌ನಲ್ಲಿ ನಡೆದ ಮಹಿಳೆಯರ ಮೊಟ್ಟಮೊದಲ ಫುಟ್ಸಾಲ್ ವಿಶ್ವಕಪ್‌ಗೆ ಅರ್ಹತೆ ಗಳಿಸಿದವು. 16 ತಂಡಗಳಿದ್ದ ಆ ವಿಶ್ವಕಪ್ಪನ್ನು ಡಿಸೆಂಬರ್ 7ರಂದು ಪೋರ್ಚುಗಲ್ ತಂಡವನ್ನು ಸೋಲಿಸಿ ಬ್ರೆಜಿಲ್ ತನ್ನದಾಗಿಸಿಕೊಂಡಿತು.

ಮೊದಲ ಟೂರ್ನಿಯಲ್ಲೇ ಹಿನ್ನಡೆಯಾದದ್ದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ತಂಡ ಕಟ್ಟಿದ ಕ್ರಮದ ಬಗ್ಗೆ. ಪುರುಷರ ವಿಭಾಗದಲ್ಲಿ 2021ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ರಾಷ್ಟ್ರಮಟ್ಟದ ಕ್ಲಬ್ ಟೂರ್ನಿ ಆರಂಭವಾಗಿ, ಸುಮಾರು ಎರಡು ವರ್ಷಗಳ ನಂತರ ರಾಷ್ಟ್ರೀಯ ತಂಡ ಹೊರಗೆ ಹೋಗಿ ಆಡಿತು. ಮಹಿಳೆಯರ ವಿಭಾಗದಲ್ಲಿ ಅಂಥ ಟೂರ್ನಿ ಬೇರೂರುವ ಮೊದಲೇ ತಂಡವನ್ನು ವಿಮಾನ ಹತ್ತಿಸಲಾಯಿತು. ಹುಲ್ಲಿನ ಮೈದಾನದಲ್ಲಿ ಹನ್ನೊಂದು ಜನರ ಆಟ ಕಲಿತವರು ಕೆಲವೇ ದಿನಗಳ ಶಿಬಿರದಲ್ಲಿ ಮತ್ತೊಂದು ಆಟಕ್ಕೆ ಒಗ್ಗಿಕೊಳ್ಳಬೇಕೆಂದರೆ ಅದು ಆಟಗಾರ್ತಿಯರ ಮೇಲೆ ಹೊರಿಸಿದ ಅನ್ಯಾಯದ ಹೊರೆ. ಇರಾನ್ 2015 ಮತ್ತು 2018ರಲ್ಲಿ ಸತತ ಎರಡು ಸಲ ಏಷ್ಯಾ ಕಪ್ ಗೆದ್ದದ್ದು ಹೀಗೆ ಅವಸರದಲ್ಲಿ ಕಟ್ಟಿದ ತಂಡದಿಂದಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ಟರ್ಫ್‌ನಲ್ಲಿ ರಾತ್ರಿ ಹತ್ತರವರೆಗೂ ಐದೈದು ಜನ ಸೇರಿ ಆಡುತ್ತಾರೆ. ಬೋರ್ಡಿನಲ್ಲಿ ‘ಫುಟ್ಸಾಲ್’ ಎಂದೇ ಬರೆದಿದೆ. ಇದೂ ಅದೂ ಒಂದೇ ಅಲ್ಲವೇ?
– ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ತಲೆ ಎಣಿಸಿದರೆ ಒಂದೇ, ಆಟ ನೋಡಿದರೆ ಬೇರೆ. ಟರ್ಫ್‌ನಲ್ಲಿ ಸುತ್ತಲೂ ಬಲೆ ಇರುವುದರಿಂದ ಚೆಂಡು ಅದಕ್ಕೆ ಬಡಿದು ಮರಳಿ ಬರುತ್ತದೆ, ಆಟ ನಿಲ್ಲುವುದಿಲ್ಲ. ಫುಟ್ಸಾಲ್‌ನಲ್ಲಿ ಅಂಚಿನ ಗೆರೆಯೇ ಗಡಿ. ಗೆರೆ ದಾಟಿದ ಚೆಂಡನ್ನು ಗೆರೆಯ ಮೇಲಿಟ್ಟು ನಾಲ್ಕು ಸೆಕೆಂಡಿನೊಳಗೆ ಕಾಲಿನಿಂದ ಒಳಕ್ಕೆ ತಳ್ಳಬೇಕು, ತಡವಾದರೆ ಚೆಂಡು ಎದುರಾಳಿಯ ಪಾಲು. ಅಂಕಣ ಮರದ್ದೋ ನುಣುಪಾದ ಕೃತಕ ಹಾಸಿನದ್ದೋ ಆಗಿರಬೇಕು. ಅಂತರರಾಷ್ಟ್ರೀಯ ಪಂದ್ಯಗಳಿಗೆ ಕೃತಕ ಹುಲ್ಲು ಸಲ್ಲದು.

ಚೆಂಡಂತೂ ಪೂರ್ತಿ ಬೇರೆ ಜಾತಿಯದು. ಅದು ನಾಲ್ಕನೆಯ ಅಳತೆಯ, 400ರಿಂದ 440 ಗ್ರಾಂ ತೂಗುವ ಚೆಂಡು. ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 65 ಸೆಂಟಿಮೀಟರ್ ಮೀರಬಾರದು. ಪುಟಿಯದ ಚೆಂಡು ನೆಲ ಬಿಟ್ಟು ಏಳುವುದಿಲ್ಲವಾದ್ದರಿಂದ ಆಟಗಾರ್ತಿ ಅದನ್ನು ಪಾದದ ಒಳಬದಿಗಿಂತ ಹೆಚ್ಚಾಗಿ ಬೂಟಿನ ಅಡಿಯಿಂದ ಒತ್ತಿ ನಿಲ್ಲಿಸುತ್ತಾಳೆ, ಅಡಿಯಿಂದಲೇ ಹಿಂದಕ್ಕೆಳೆದು ತಿರುಗುತ್ತಾಳೆ. ನಮ್ಮ ಫುಟ್‌ಬಾಲ್ ಆಟಗಾರ್ತಿಯರಿಗೆ ರೂಢಿಸಿಕೊಳ್ಳಲು ಅತಿ ಕಷ್ಟವಾಗುವ ಅಭ್ಯಾಸ ಇದೇ, ಏಕೆಂದರೆ ಹುಲ್ಲಿನ ಮೇಲೆ ಅಡಿಯಿಂದ ಚೆಂಡು ತಡೆದರೆ ತರಬೇತುದಾರರು ಬೈಯುತ್ತಾರೆ. ಇದರ ಜೊತೆಗೆ ಒಂದು ಅರ್ಧದಲ್ಲಿ ತಂಡದ ಫೌಲ್‌ಗಳು ಐದು ದಾಟಿದರೆ, ಆರನೆಯದರಿಂದ ಎದುರಾಳಿಗೆ ಅಡ್ಡಗೋಡೆಯಿಲ್ಲದ ಫ್ರೀ ಕಿಕ್ ಸಿಗುತ್ತದೆ. ಹೀಗಾಗಿ ಟರ್ಫ್‌ನಲ್ಲಿ ನಡೆದುಹೋಗುವ ಎಳೆದಾಟ ಇಲ್ಲಿ ದುಬಾರಿಯಾಗುತ್ತದೆ. ಬೋರ್ಡು ಬರೆಸಿದವರನ್ನು ದೂರಬೇಡಿ, ಆದರೆ ಅಲ್ಲಿ ಆಡಿದ್ದೇ ಫುಟ್ಸಾಲ್ ಅಭ್ಯಾಸವೆಂದು ಆಯ್ಕೆ ಶಿಬಿರಕ್ಕೆ ಹೋಗಬೇಡಿ.

ಪ್ರಶ್ನೆ: ಈ ಆಟ ಹುಟ್ಟಿದ್ದು ಬ್ರೆಜಿಲ್‌ನಲ್ಲಿಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅಲ್ಲ, ಉರುಗ್ವೆಯ ಮಾಂಟೆವಿಡಿಯೊದಲ್ಲಿ. 1930ರಲ್ಲಿ ಹ್ವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ಒಳಾಂಗಣದಲ್ಲಿ ಆಡಲೆಂದು ಇದನ್ನು ರೂಪಿಸಿದರು. ಬೆಳೆಸಿ ಲೋಕಕ್ಕೆ ಹಬ್ಬಿಸಿದ ಹೆಗ್ಗಳಿಕೆಯನ್ನು ಬ್ರೆಜಿಲ್‌ಗೆ ಕೊಡಬಹುದು.

ಪ್ರಶ್ನೆ: ವಿಶ್ವಕಪ್ ಪಂದ್ಯವೊಂದರ ಕೊನೆಯ ನಿಮಿಷಗಳಲ್ಲಿ, ಸೋಲುತ್ತಿದ್ದ ತಂಡದ ಗೋಲ್‌ಕೀಪರ್ ಗೋಲು ಬಿಟ್ಟು ಎದುರಾಳಿಯ ಭಾಗಕ್ಕೆ ಬಂದು ಪಾಸ್ ಕೊಡುತ್ತಿದ್ದಳು. ಇದು ಹುಚ್ಚು ಸಾಹಸವಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸಾಹಸ ಹೌದು, ಹುಚ್ಚಲ್ಲ. ಆಕೆ ಬಹುಶಃ ನಿಜವಾದ ಗೋಲ್‌ಕೀಪರ್ ಕೂಡ ಅಲ್ಲ. ಗೋಲು ಕಾಯದೆ ಅಂಕಣದಲ್ಲಿ ಆಡುವವಳೊಬ್ಬಳು ತನ್ನದೇ ಸಂಖ್ಯೆಯುಳ್ಳ ಗೋಲ್‌ಕೀಪರ್ ಅಂಗಿ ತೊಟ್ಟು ಬದಲಿಯಾಗಿ ಬಂದಿರುತ್ತಾಳೆ. ಆಗ ಎದುರಾಳಿಯ ನಾಲ್ವರು ರಕ್ಷಕಿಯರ ಮುಂದೆ ಐವರು ಪಾಸ್ ಮಾಡುತ್ತಾ ಒಬ್ಬಳನ್ನು ಬಿಡುವಾಗಿ ನಿಲ್ಲಿಸಲು ನೋಡುತ್ತಾರೆ. ಗೋಲ್‌ಕೀಪರ್ ತನ್ನ ಭಾಗದಲ್ಲಿ ಒಮ್ಮೆ ಬಿಟ್ಟ ಚೆಂಡನ್ನು, ಎದುರಾಳಿಗೆ ತಾಗದೆ ಮರಳಿ ಪಡೆಯುವಂತಿಲ್ಲ. ಎದುರಾಳಿಯ ಭಾಗದಲ್ಲಿ ಆ ನಿರ್ಬಂಧವಿಲ್ಲವಾದ್ದರಿಂದಲೇ ಆಕೆ ಅಷ್ಟು ಮುಂದೆ ಬಂದದ್ದು. ಒಂದು ಪಾಸ್ ತಪ್ಪಿದರೆ ಖಾಲಿ ಗೋಲಿಗೆ ಚೆಂಡು ಉರುಳುತ್ತದೆ. ನೋಡುವವರಿಗೆ ಈ ಆಟದಲ್ಲಿ ಇದಕ್ಕಿಂತ ರೋಚಕವಾದ ಗಳಿಗೆ ಇಲ್ಲವೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಒಳಾಂಗಣ ಕ್ರೀಡಾಂಗಣವಿಲ್ಲದೆ ಹೆಣ್ಣುಮಕ್ಕಳಿಗೆ ಫುಟ್ಸಾಲ್ ಕಲಿಸಲು ಸಾಧ್ಯವೇ?
– ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಶಾಲೆಯಲ್ಲಿ ಹ್ಯಾಂಡ್‌ಬಾಲ್ ಅಂಕಣವಿದೆಯೇ ನೋಡಿ. ಅದರ 40 ಮೀಟರ್ ಉದ್ದ, 20 ಮೀಟರ್ ಅಗಲ ಫುಟ್ಸಾಲ್‌ಗೂ ಸರಿಹೊಂದುತ್ತದೆ. ಗೋಲು ಕೂಡ ಅದೇ ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ್ದು. ಹೊಸದಾಗಿ ಕೊಳ್ಳಬೇಕಾದದ್ದು ಮುಖ್ಯವಾಗಿ ಚೆಂಡು. ಸಾಮಾನ್ಯ ಫುಟ್‌ಬಾಲಿನ ಗಾಳಿ ಇಳಿಸಿ ಕೆಲಸ ಸಾಗಿಸಬೇಡಿ, ಅದರ ನಡತೆ ಬೇರೆ. ಕಾಂಕ್ರೀಟ್ ನೆಲದಲ್ಲಿ ಬಿದ್ದರೆ ಮಂಡಿ ಕಿತ್ತುಹೋಗುತ್ತದೆ, ಮಂಡಿಪಟ್ಟಿ ಇಲ್ಲದೆ ಇಳಿಸಬೇಡಿ. ಗೋಲ್‌ಕೀಪರ್‌ಗೆ ಹಾರಿ ಬೀಳುವ ಅಭ್ಯಾಸವನ್ನು ಮ್ಯಾಟ್ ಹಾಸಿಯೇ ಮಾಡಿಸಿ. ಮೊದಲ ಕೆಲವು ವಾರ ಗೋಲಿನ ಯೋಚನೆ ಬಿಟ್ಟು, ನಾಲ್ಕು ಸೆಕೆಂಡು ಗಟ್ಟಿಯಾಗಿ ಎಣಿಸುತ್ತಾ ಪಾಸ್ ಕೊಡುವುದನ್ನಷ್ಟೇ ಕಲಿಸಿ. ಪಕ್ಕದ ಎರಡು ಶಾಲೆಗಳನ್ನು ಜೊತೆಗೂಡಿಸಿಕೊಂಡರೆ ತಿಂಗಳಿಗೊಮ್ಮೆ ಪಂದ್ಯವಾಡಿಸಬಹುದು.