ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸೆವರ್ನ್ ಅಳಿವೆಯ ದಡದಲ್ಲಿ ತೊರಕೆಗೆ, ಹಸ್‌ಗೆ ಗಾಳ

ಬ್ರಿಟನ್ನಿನ ಸೆವರ್ನ್ ಅಳಿವೆ ಮತ್ತು ಅದರ ಮುಂದಿನ ಬ್ರಿಸ್ಟಲ್ ಕಾಲುವೆಯ (ಬ್ರಿಸ್ಟಲ್ ಚಾನೆಲ್ ಎಂಬ ಕಡಲ ಚಾಚಿನ) ಎರಡೂ ದಡಗಳಲ್ಲಿ, ಅಂದರೆ ಇತ್ತ ವೇಲ್ಸ್, ಅತ್ತ ಸಾಮರ್‌ಸೆಟ್ ಕಡೆ, ನೆಲೆಸಿರುವ ಓದುಗರಿಂದ, ಊರಲ್ಲಿರುವ ಅವರ ಮನೆಯವರಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ತೊರಕೆ ಅಂದರೆ ಅಗಲ ರೆಕ್ಕೆಯ ಚಪ್ಪಟೆ ಮೀನು (ರೇ). ಹಸ್ ಅಂದರೆ ತಾಟೆ (ಶಾರ್ಕ್) ಬಳಗದ, ಮೈತುಂಬ ಚುಕ್ಕೆಯಿರುವ, ತಳದಲ್ಲೇ ಓಡಾಡುವ ಮೀನು.

ಊರು ಮಲ್ಪೆ ಕಡೆ, ಗಾಳ ಹಾಕುವುದು ಹೊಸದಲ್ಲ. ಆದರೆ ಇಲ್ಲಿ 4 ಔನ್ಸ್ ಸೀಸ ಕಟ್ಟಿ ಎಸೆದರೆ ಎರಡು ನಿಮಿಷದಲ್ಲಿ ಪಕ್ಕದ ದಡಕ್ಕೇ ಬಂದು ಬಿದ್ದಿರುತ್ತದೆ. ತಪ್ಪು ಎಲ್ಲಿ? (ಕಾರ್ಡಿಫ್)

ತಪ್ಪು ಕೈಯಲ್ಲಿಲ್ಲ, ನೀರಿನ ಲೆಕ್ಕದಲ್ಲಿದೆ. ನಮ್ಮ ಕರಾವಳಿಯಲ್ಲಿ ಭರತ–ಇಳಿತದ ನಡುವಿನ ಅಂತರ ಎರಡು ಮೀಟರ್ ದಾಟುವುದು ಅಪರೂಪ. ಬ್ರಿಸ್ಟಲ್ ಬಳಿಯ ಏವನ್‌ಮೌತ್‌ನಲ್ಲಿ ದೊಡ್ಡ ಭರತದ ದಿನ ಸುಮಾರು 12 ಮೀಟರ್, ಕೆಲವು ದಿನ ಅದಕ್ಕೂ ಹೆಚ್ಚು. ಲಾಳಿಕೆಯ ಹಾಗೆ ಕಿರಿದಾಗುತ್ತ, ಆಳ ಕಡಿಮೆಯಾಗುತ್ತ ಹೋಗುವ ಕಾಲುವೆಯೊಳಗೆ ಅಟ್ಲಾಂಟಿಕ್‌ನ ನೀರು ನುಗ್ಗುವುದರಿಂದ ಹೀಗಾಗುತ್ತದೆ. ಈ ಏರಿಕೆ ಆರು ಗಂಟೆಗೂ ಸಮನಾಗಿ ಹಂಚಿಹೋಗುವುದಿಲ್ಲ. ಹನ್ನೆರಡರ ಲೆಕ್ಕ ಹಾಕಿದರೆ ಮೊದಲ ಗಂಟೆಗೆ 1 ಮೀಟರ್, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕನೆಯದಕ್ಕೆ ತಲಾ 3, ಆಮೇಲೆ 2, ಕೊನೆಗೆ 1. ಅಂದರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಹರಿದುಬಿಡುತ್ತದೆ. ಅಳಿವೆಯಲ್ಲಿ ಇನ್ನೂ ಮೇಲೆ ಹೋದಂತೆ ಏರಿಕೆಯ ಅವಧಿ ಮತ್ತಷ್ಟು ಕಿರಿದಾಗುವುದರಿಂದ ಅಲ್ಲಿ ರಭಸ ಈ ಲೆಕ್ಕಕ್ಕೂ ಮೀರುತ್ತದೆ.

ಇಂಥ ಹರಿವಿನಲ್ಲಿ ದುಂಡು ಸೀಸ ನಿಲ್ಲುವ ಮಾತೇ ಇಲ್ಲ. ತಂತಿಯ ಕಾಲುಗಳಿರುವ ಹಿಡಿತದ ಸೀಸ ಬೇಕು, ತೂಕ 6 ಔನ್ಸ್, ರಭಸ ಹೆಚ್ಚಿದ್ದರೆ 7. ಬ್ರೇಕ್‌ಅವೇ ಮಾದರಿಯದರಲ್ಲಿ ಜೋರಾಗಿ ಎಳೆದಾಗ ಕಾಲುಗಳು ಹಿಂದಕ್ಕೆ ಮಡಚಿಕೊಂಡು ಸೀಸ ಸಲೀಸಾಗಿ ಮೇಲೆ ಬರುತ್ತದೆ. ಕಾಲುಗಳು ತೀರ ಸುಲಭವಾಗಿ ಮಡಚಿದರೆ ಅವನ್ನು ಹಿಡಿದಿಡುವ ಮಣಿ ಕೂರುವ ಜಾಗದಲ್ಲಿ ತಂತಿಯನ್ನು ಸ್ವಲ್ಪ ಬಾಗಿಸಿ ಬಿಗಿ ಮಾಡಿಕೊಳ್ಳಿ.

ಆದರೆ ಸೀಸ ಬದಲಾಯಿಸಿದರಷ್ಟೇ ಸಾಲದು, ಎಸೆಯುವ ದಿಕ್ಕೂ ಬದಲಾಗಬೇಕು. ನೇರ ಮುಂದಕ್ಕೆ ಎಸೆದು ದಾರವನ್ನು ಬಿಗಿ ಎಳೆದಿಟ್ಟರೆ ಹರಿವು ದಾರದ ಹೊಟ್ಟೆಗೆ ಬಡಿದು ಸೀಸವನ್ನು ಮೇಲಕ್ಕೆತ್ತುತ್ತದೆ, ಕಾಲುಗಳು ಕಿತ್ತು ಬರುತ್ತವೆ. ಹರಿವು ಬರುವ ದಿಕ್ಕಿಗೆ 30ರಿಂದ 45 ಡಿಗ್ರಿ ಓರೆಯಾಗಿ ಎಸೆಯಿರಿ. ಸೀಸ ತಳ ಮುಟ್ಟಿದ ಮೇಲೂ 20–30 ಮೀಟರ್ ದಾರವನ್ನು ಹರಿಯಗೊಟ್ಟು ಆಮೇಲೆ ರೀಲ್ ಬಿಗಿ ಮಾಡಿ. ದಾರ ಬಿಲ್ಲಿನಂತೆ ಬಾಗಿ, ಎಳೆತ ತಳಕ್ಕೆ ಸಮಾಂತರವಾಗಿ ಬೀಳುತ್ತದೆ. ಹರಿವು ಹೆಚ್ಚಿದಷ್ಟೂ ಕಾಲುಗಳು ಮಣ್ಣಿನೊಳಕ್ಕೆ ಇಳಿಯುತ್ತವೆ.

ದಾರದ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 0.50 ಮಿಲಿಮೀಟರ್ ದಾರಕ್ಕೆ 0.35ರ ದಾರಕ್ಕಿಂತ ಶೇ 40ಕ್ಕೂ ಹೆಚ್ಚು ಮೈ ಇದೆ, ಹರಿವು ಅಷ್ಟೇ ಹೆಚ್ಚು ತಳ್ಳುತ್ತದೆ. ಮರಳು, ಕೆಸರಿನ ತಳಕ್ಕೆ 15–18 ಪೌಂಡ್ ಎಳೆತ ತಡೆಯುವ ದಾರ, ಅದರ ಮುಂದೆ ಎಸೆತದ ಆಘಾತ ತಡೆಯುವ ದಪ್ಪ ದಾರದ ತುಂಡು, ಅಂದರೆ ಲೀಡರ್. ಲೀಡರ್‌ಗೆ ಒಂದು ಔನ್ಸ್ ಸೀಸಕ್ಕೆ 10 ಪೌಂಡ್‌ನಂತೆ ಎಣಿಸಿ, 6 ಔನ್ಸ್‌ಗೆ 60 ಪೌಂಡ್. ಎಸೆಯಲು ನಿಂತಾಗ ಲೀಡರ್ ರೀಲ್ ಮೇಲೆ ಆರೇಳು ಸುತ್ತಾದರೂ ಇರಲೇಬೇಕು. ಎಸೆತದ ನಡುವೆ ದಾರ ತುಂಡಾಗಿ ಹಾರಿದ ಸೀಸ ಎದುರಿಗಿದ್ದವರ ಜೀವ ತೆಗೆಯಬಲ್ಲದು. ಇದರಲ್ಲಿ ಉಳಿತಾಯದ ಯೋಚನೆಯೇ ಬೇಡ.

ಯಾವ ತಿಥಿಗೆ, ಯಾವ ಹೊತ್ತಿಗೆ ಹೋಗಬೇಕು? ಪಂಚಾಂಗ ನೋಡಿದರೆ ಸಾಕೇ? (ಬ್ರಿಸ್ಟಲ್)

ಅಂದಾಜಿಗೆ ಪಂಚಾಂಗ ಸಾಕು, ಹೊರಡುವುದಕ್ಕೆ ಸಾಲದು. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ದೊಡ್ಡ ಭರತ. ಅಷ್ಟಮಿ ಕಳೆದು ಒಂದೆರಡು ದಿನಕ್ಕೆ ಸಣ್ಣದು. ನಾವು ಆರಿಸುವುದು ಇವೆರಡರ ನಡುವಿನ ದಿನಗಳನ್ನು. ತೀರ ದೊಡ್ಡ ಭರತದಲ್ಲಿ ಸೀಸ ನಿಲ್ಲದು, ಕಿತ್ತುಬಂದ ಪಾಚಿ ಲೀಡರ್‌ನ ಗಂಟಿಗೆ ಸುತ್ತಿಕೊಂಡು ಎಲ್ಲವನ್ನೂ ಎಳೆದೊಯ್ಯುತ್ತದೆ. ತೀರ ಸಣ್ಣದರಲ್ಲಿ ಎರೆಯ ವಾಸನೆ ದೂರ ಹರಡದು, ಮೀನೂ ಹೆಚ್ಚು ಓಡಾಡದು.

ಬಹುಪಾಲು ಜಾಗಗಳಲ್ಲಿ ಇಳಿತದ ಕೊನೆಯ ಎರಡು ಗಂಟೆ ಮತ್ತು ನೀರು ತಿರುಗಿದ ಮೇಲಿನ ಎರಡು ಗಂಟೆ ತೊರಕೆಗೆ ಒಳ್ಳೆಯದು. ನೀರು ಇಳಿದಿರುವಾಗ ನಿಮ್ಮ ಎರೆ ತೊರಕೆ ಮೇಯುವ ಮರಳ ದಿಬ್ಬದವರೆಗೆ ತಲುಪುತ್ತದೆ. ಬಂಡೆಯಂಚಿನ ಆಳದ ಜಾಗಗಳಲ್ಲಿ ಮಾತ್ರ ಭರತದ ತುದಿಯಲ್ಲೂ ಹಸ್ ಸಿಗುತ್ತದೆ. ಸಮಯಕ್ಕೆ ಏವನ್‌ಮೌತ್ ಅಥವಾ ಕಾರ್ಡಿಫ್‌ನ ಮುದ್ರಿತ ಪಟ್ಟಿಯನ್ನೇ ನೋಡಿ. ಪಟ್ಟಿ ಗ್ರೀನ್‌ವಿಚ್ ಸಮಯದಲ್ಲಿದ್ದರೆ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಒಂದು ಗಂಟೆ ಸೇರಿಸಬೇಕು. ಹೊಸಬರು ನೀರಿಲ್ಲದ ಹೊತ್ತಿಗೆ ಹೋಗಿ ನಿಲ್ಲುವುದು ಇದನ್ನು ಮರೆತೇ.

ಕಾಲ: ಬೆನ್ನ ಮೇಲೆ ಮುಳ್ಳಿರುವ ಥಾರ್ನ್‌ಬ್ಯಾಕ್ ತೊರಕೆ ವಸಂತದಲ್ಲಿ ದಡದತ್ತ ಬರುತ್ತದೆ, ಶರತ್ಕಾಲದಲ್ಲಿ ಮತ್ತೊಂದು ಸುತ್ತು. ಸ್ಮಾಲ್-ಐಡ್ ತೊರಕೆ ಮತ್ತು ಹಸ್‌ಗೆ ಬೇಸಿಗೆಯ ತಿಂಗಳುಗಳು. ಕಾರ್ಡಿಫ್‌ನಿಂದ ಮೇಲಕ್ಕೆ ನೀರು ಸದಾ ಕೆಸರಿನ ಬಣ್ಣ, ತಳದಲ್ಲಿ ಹಗಲೂ ಕತ್ತಲೆ. ಅದಕ್ಕೇ ಅಲ್ಲಿ ಹಗಲಲ್ಲೂ ತೊರಕೆ ಬೀಳುತ್ತದೆ. ಪಶ್ಚಿಮಕ್ಕೆ ಹೋದಂತೆ, ಗವರ್ ಅಥವಾ ಉತ್ತರ ಡೆವನ್ ಕಡೆ, ನೀರು ತಿಳಿಯಾಗುತ್ತದೆ. ಅಲ್ಲಿ ಹಸ್ ಬೇಕೆಂದರೆ ರಾತ್ರಿಯೇ ಹೋಗಬೇಕು.

ಬಂಡೆಯ ತಳದಲ್ಲಿ ಸೀಸ ಸಿಕ್ಕಿಕೊಂಡು ಕೊಂಡಿಗಳೆಲ್ಲ ಹೋಗುತ್ತಿವೆ. ಅಲ್ಲಿಗೆ ರಿಗ್ (ಸೀಸ, ಕೊಂಡಿಗಳ ಜೋಡಣೆ) ಹೇಗೆ ಕಟ್ಟಬೇಕು? (ನ್ಯೂಪೋರ್ಟ್)

ಪುಲಿ ರಿಗ್ ಕಟ್ಟಿ. ಮೀನು ಎಳೆದಾಗ ಸೀಸ ಮೇಲಕ್ಕೇರಿ ಬಂಡೆಯಿಂದ ದೂರ ಉಳಿಯುತ್ತದೆ.

80 ಪೌಂಡ್ ನೈಲಾನ್ ಒಂದು ಮೀಟರ್ ತೆಗೆದುಕೊಳ್ಳಿ. ಒಂದು ತುದಿಗೆ ಸೀಸ ಸಿಕ್ಕಿಸುವ ಕ್ಲಿಪ್ ಕಟ್ಟಿ. ಎರೆಯ ಕೊಂಡಿ ಸಿಕ್ಕಿಸಿಕೊಳ್ಳುವ ಕೊಕ್ಕೆಯೂ ಇರುವ ಕ್ಲಿಪ್ ಆದರೆ ದೂರ ಎಸೆಯಬಹುದು. ಇನ್ನೊಂದು ತುದಿಯಿಂದ ಪುಲಿ ಮಣಿ, ಅದರ ಹಿಂದೆ ಸಣ್ಣ ಮೆತ್ತನೆ ಮಣಿ ಪೋಣಿಸಿ, ಕೊನೆಗೆ ಬಲವಾದ ಸ್ವಿವೆಲ್ (ಎರಡು ಕಡೆ ಕಣ್ಣಿರುವ, ತಿರುಗುವ ಕೀಲು) ಕಟ್ಟಿ. ಲೀಡರ್ ಸೇರುವುದು ಪುಲಿ ಮಣಿಗೆ. ಸ್ವಿವೆಲ್‌ನ ಇನ್ನೊಂದು ಕಣ್ಣಿಗೆ 60 ಪೌಂಡ್ ನೈಲಾನ್‌ನ 50 ಸೆಂಟಿಮೀಟರ್ ತುಂಡು, ಅದರ ತುದಿಗೆ 4/0 ಅಳತೆಯ ಕೊಂಡಿ. ಅದಕ್ಕಿಂತ ಮೇಲೆ 3/0 ಕೊಂಡಿಯೊಂದನ್ನು ಗಂಟು ಹಾಕದೆ, ಕಣ್ಣಲ್ಲಿ ದಾರ ಹಾಯಿಸಿ, ಸಣ್ಣ ರಬ್ಬರ್ ಕೊಳವೆಯ ಮೇಲೆ ನಾಲ್ಕೈದು ಸುತ್ತು ಸುತ್ತಿ ಬಿಗಿಗೊಳಿಸಿ. ಎರೆಯ ಉದ್ದಕ್ಕೆ ತಕ್ಕಂತೆ ಇದನ್ನು ಮೇಲೆ ಕೆಳಗೆ ಸರಿಸಬಹುದು. ಈ ಜೋಡಿ ಕೊಂಡಿಗೆ ಪೆನೆಲ್ ಅನ್ನುತ್ತಾರೆ. ಕೊಂಡಿಯ ದಾರ 60 ಪೌಂಡ್‌ಗಿಂತ ಸಣ್ಣದಾದರೆ ಹಸ್‌ನ ಹಲ್ಲು ಅದನ್ನು ತರಿದು ನಾರು ಮಾಡುತ್ತದೆ. ಪ್ರತಿ ಮೀನಿನ ನಂತರ ಕೊನೆಯ ಒಂದು ಗೇಣು ದಾರವನ್ನು ಉಗುರಿನಿಂದ ಸವರಿ ನೋಡಿ, ಒರಟು ಸಿಕ್ಕರೆ ಬದಲಾಯಿಸಿ.

ಸೀಸವನ್ನು ಕ್ಲಿಪ್‌ಗೆ ನೇರ ಸಿಕ್ಕಿಸದೆ ನಡುವೆ 12–15 ಪೌಂಡ್‌ನ ಬಡಕಲು ದಾರದ ಸಣ್ಣ ತುಂಡು ಇಟ್ಟರೆ, ಸೀಸ ಸಿಕ್ಕಿಕೊಂಡಾಗ ಅದೊಂದೇ ಹೋಗುತ್ತದೆ, ಮೀನು ಉಳಿಯುತ್ತದೆ. ಆದರೆ ಎಸೆಯುವಾಗ ಭಾರ ಈ ತುಂಡಿನ ಮೇಲೆ ಬೀಳಬಾರದು. ಸೀಸವನ್ನು ಕೊಕ್ಕೆಗೆ ತೂಗುಹಾಕಿ, ನೀರಿಗೆ ಬಿದ್ದೊಡನೆ ಕಳಚುವಂಥ ಕ್ಲಿಪ್ ಬಳಸುವುದು ಕಡ್ಡಾಯ. ಮುಖ್ಯ ದಾರವೂ ಇಲ್ಲಿ 25–30 ಪೌಂಡ್ ಇರಲಿ. ಹರಿವಿನ ತಳ್ಳು ಹೆಚ್ಚುತ್ತದೆ ನಿಜ, ಬಂಡೆಯ ಮೇಲೆ ಉಜ್ಜುವ ದಾರಕ್ಕೆ ಬೇರೆ ದಾರಿಯಿಲ್ಲ.

ಎರೆ ಯಾವುದು? ಅಂಗಡಿಯ ಬಂಗುಡೆ ಸಾಕೇ? (ಟಾಂಟನ್)

ಹಸ್‌ಗೆ ಸಾಕು. ಅರ್ಧ ಬಂಗುಡೆ, ಅಥವಾ ಬೊಂಡಾಸ್ (ಸ್ಕ್ವಿಡ್) ಇಡಿಯಾಗಿ. ತೊರಕೆಗೆ ಸ್ಯಾಂಡ್‌ಈಲ್ ಮೇಲು, ಸ್ಮಾಲ್-ಐಡ್‌ಗಂತೂ ಅದೇ. ಗಾಳದ ಅಂಗಡಿಗಳಲ್ಲಿ ಹಿಮಗಟ್ಟಿದ ಪೊಟ್ಟಣ ಸಿಗುತ್ತದೆ. ಅದು ಬಲು ಮೆತ್ತನೆ ಮೀನು, ಪೂರ್ತಿ ಕರಗುವ ಮೊದಲೇ ಕೊಂಡಿಗೇರಿಸಿ. ಕೆಳಗಿನ ಕೊಂಡಿ ತಲೆಯ ಹತ್ತಿರ, ಮೇಲಿನದು ಬಾಲದ ಹತ್ತಿರ. ಎರೆ ಕಟ್ಟುವ ಎಲಾಸ್ಟಿಕ್ ನೂಲನ್ನು ಹತ್ತು ಹದಿನೈದು ಸುತ್ತು ಸುತ್ತಿ, ಆದರೆ ಕೊಂಡಿಗಳ ಮೊನೆ ಮುಚ್ಚಬೇಡಿ. ವಸಂತದ ಥಾರ್ನ್‌ಬ್ಯಾಕ್‌ಗೆ ಚಿಪ್ಪು ಕಳಚುವ ಹಂತದಲ್ಲಿರುವ ಏಡಿ ಇನ್ನೂ ಒಳ್ಳೆಯದು. ಹಳೆ ಚಿಪ್ಪು ಸುಲಿದು, ಅರ್ಧಕ್ಕೆ ಕತ್ತರಿಸಿ ಕಟ್ಟಿ. ಯಾವ ಎರೆಯಾದರೂ ಕೆಸರು ನೀರಿನಲ್ಲಿ ಮೀನನ್ನು ಕರೆಯುವುದು ಅದರ ರಸ. ಈ ಹರಿವಿಗೆ ಅದು ಬೇಗ ತೊಳೆದುಹೋಗುತ್ತದೆ, 20–25 ನಿಮಿಷಕ್ಕೊಮ್ಮೆ ಬದಲಾಯಿಸಿ.

ರಾಡ್ ತುದಿ ತಲೆದೂಗಿತು, ಎಳೆದೆ, ಏನೂ ಇಲ್ಲ. ಹಸ್ ಒಂದಂತೂ ಕಾಲಬುಡಕ್ಕೆ ಬಂದು ಬಾಯಿ ತೆರೆದು ಹೋಯಿತು. (ಸ್ವಾನ್ಸೀ)

ಎರಡಕ್ಕೂ ಕಾರಣ ಬೇರೆ. ತೊರಕೆಯ ಬಾಯಿ ಹೊಟ್ಟೆಯ ಕಡೆಗಿದೆ. ಅದು ಮೊದಲು ಎರೆಯ ಮೇಲೆ ಮೈ ಹಾಸಿ ಕೂರುತ್ತದೆ, ರೆಕ್ಕೆ ದಾರಕ್ಕೆ ತಗುಲಿ ತುದಿ ಒಂದೆರಡು ಸಲ ಅಲುಗುತ್ತದೆ. ಆಗ ಎಳೆದರೆ ಎರೆಯನ್ನು ಅದರ ಅಡಿಯಿಂದ ಕಿತ್ತುಕೊಂಡಂತೆ. ರಾಡ್ ಮುಟ್ಟದೆ ಕಾಯಿರಿ. ಎರೆ ಬಾಯಿಗೆ ಹೋದ ಮೇಲೆ ಅದು ಹೊರಡುತ್ತದೆ. ತುದಿ ಬಾಗಿ ಹಾಗೇ ನಿಲ್ಲುತ್ತದೆ, ಇಲ್ಲವೇ ಸೀಸ ಕಿತ್ತು ದಾರ ಒಮ್ಮೆಲೇ ಸಡಿಲವಾಗುತ್ತದೆ. ಸಡಿಲವಾದರೆ ಬೇಗ ಬೇಗ ಸುತ್ತಿ, ಭಾರ ಸಿಕ್ಕೊಡನೆ ರಾಡ್ ಎತ್ತಿ. ಹರಿವಿಗೆ ಅಡ್ಡ ಹಾಸಿಕೊಂಡ ತೊರಕೆ ನೆಲಕ್ಕೆ ಅಂಟಿದಂತೆ ಕೂತರೆ ಜಗ್ಗಬೇಡಿ. ರಾಡ್ ಬಾಗಿಸಿ ಒಂದೇ ಬಿಗಿಯಲ್ಲಿ ಹಿಡಿದಿರಿ, ಅದೇ ಏಳುತ್ತದೆ.

ಹಸ್ ಎರೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಕೊಂಡಿ ತಗುಲದೆಯೇ ದಡದವರೆಗೆ ಬರುವುದುಂಟು. ದೊಡ್ಡ ಎರೆಯಲ್ಲಿ ಕೊಂಡಿ ಹೂತುಹೋಗಿದ್ದರೆ ಹೀಗಾಗುವುದು ಹೆಚ್ಚು. ಎರೆಯನ್ನು ಸಣ್ಣದು ಮಾಡಿ, ಮೊನೆ ಹೊರಗಿಡಿ. ತುದಿ ಗಡಗಡ ಅಲುಗುವಾಗ ಬಿಟ್ಟು, ದಾರ ಒಂದೇ ಸಮನೆ ಸರಿಯತೊಡಗಿದ ಮೇಲೆ ಎತ್ತಿ. ಎಳೆದು ತರುವಾಗ ದಾರ ಒಂದು ಕ್ಷಣವೂ ಸಡಿಲವಾಗಬಾರದು, ಕೊನೆಗೆ ತಲೆ ನೀರಿನಿಂದ ಮೇಲೆತ್ತಲೂಬಾರದು. ಅಲೆಯ ಜೊತೆಗೇ ಜಾರಿಸಿ ತನ್ನಿ, ಇಲ್ಲವೇ ಬಲೆಚೀಲ ಒಡ್ಡಿ.

ಇಲ್ಲಿನ ತೊರಕೆಯ ಬಾಲದಲ್ಲೂ ವಿಷದ ಮುಳ್ಳಿದೆಯೇ? ಹಿಡಿಯುವುದು ಹೇಗೆ? (ಬ್ಯಾರಿ)

ನಮ್ಮೂರ ತೊರಕೆಗಿರುವ ವಿಷದ ಈಟಿ ಥಾರ್ನ್‌ಬ್ಯಾಕ್‌ಗಿಲ್ಲ. ಬೆನ್ನು, ಬಾಲದುದ್ದಕ್ಕೂ ಕೊಕ್ಕೆಯಂಥ ಗಟ್ಟಿ ಮುಳ್ಳುಗಳಿವೆ, ಕೈ ಸೀಳುತ್ತವೆ ಅಷ್ಟೆ. ಎರಡೂ ಕೈಯಿಂದ ರೆಕ್ಕೆಗಳ ಅಡಿ ಹಿಡಿದೆತ್ತಿ. ಬಾಲ ಹಿಡಿದು ತೂಗಬೇಡಿ. ಕಣ್ಣ ಹಿಂದಿನ ರಂಧ್ರಕ್ಕೂ ಕಿವಿರಿಗೂ ಬೆರಳು ಹಾಕಬೇಡಿ. ಅದು ಉಸಿರಾಡುವ ದಾರಿ, ಹಾಗೆ ಹಿಡಿದು ನೀರಿಗೆ ಬಿಟ್ಟ ಮೀನು ಬದುಕುವ ಭರವಸೆಯಿಲ್ಲ. ಬಾಯಿಯೊಳಗೂ ಬೆರಳು ಬೇಡ, ಏಡಿಯ ಚಿಪ್ಪು ಪುಡಿ ಮಾಡುವ ದವಡೆ ಅದು. ಕೊಂಡಿ ಬಿಡಿಸಲು ಉದ್ದ ಮೂತಿಯ ಇಕ್ಕಳ ಬಳಸಿ.

ಹಸ್‌ನ ಚರ್ಮ ಮರಳುಕಾಗದ. ತೋಳಿಗೆ ಸುತ್ತಿಕೊಂಡರೆ ತೊಗಲು ಕೀಳುತ್ತದೆ. ತಲೆಯ ಹಿಂದೆ ಒಂದು ಕೈ, ಬಾಲಕ್ಕೆ ಒಂದು ಕೈ ಹಾಕಿ, ಬಾಲವನ್ನು ತಲೆಯ ಕಡೆಗೆ ತಂದು ಸೇರಿಸಿ ಹಿಡಿದರೆ ಹೊರಳಲಾರದು. ಚಿಕ್ಕ ಹಸ್ಸೋ, ಅದೇ ಬಳಗದ ಸಾಮಾನ್ಯ ಡಾಗ್‌ಫಿಶ್ಶೋ ಎಂಬ ಗೊಂದಲವಿದ್ದರೆ ತಲೆಯ ಅಡಿ ನೋಡಿ. ಡಾಗ್‌ಫಿಶ್‌ನಲ್ಲಿ ಮೂಗಿನ ಮಡಿಕೆ ಒಂದೇ ಪದರವಾಗಿ ಬಾಯಿಯವರೆಗೆ ಬರುತ್ತದೆ. ಹಸ್‌ನಲ್ಲಿ ಎರಡು ಬೇರೆ ಬೇರೆ ಮಡಿಕೆ, ಬಾಯಿ ಮುಟ್ಟುವುದಿಲ್ಲ.

ಲೈಸೆನ್ಸ್ ಬೇಕೇ? (ಗ್ಲಾಸ್ಟರ್)

ದಡದಿಂದ ಕಡಲ ಮೀನಿಗೆ ರಾಡ್ ಲೈಸೆನ್ಸ್ ಬೇಡ. ಕೆಲವು ಪಿಯರ್‌ಗಳಲ್ಲಿ (ಕಡಲೊಳಗೆ ಚಾಚಿದ ಕಟ್ಟೆಗಳಲ್ಲಿ) ಟಿಕೆಟ್ ಇದೆ. ಇಟ್ಟುಕೊಳ್ಳುವ ತೊರಕೆಗೆ ಕನಿಷ್ಠ ಅಳತೆಯ ನಿಯಮವಿದ್ದು, ಅಳೆಯುವುದು ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ. ವೇಲ್ಸ್ ಮತ್ತು ಇಂಗ್ಲೆಂಡ್ ದಡಗಳಿಗೆ ನಿಯಮ ಮಾಡುವವರು ಬೇರೆ ಬೇರೆ, ನಿಮ್ಮ ದಡದ್ದನ್ನು ನೋಡಿಕೊಂಡೇ ಹೋಗಿ. ಬಾಲದ ಬುಡದಲ್ಲಿ ಎರಡು ಕಡ್ಡಿಯಂಥ ಅಂಗವಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ದೊಡ್ಡ ಹೆಣ್ಣನ್ನು ನೀರಿಗೆ ಬಿಡಿ ಎಂದು ಕೇಳಿಕೊಳ್ಳುತ್ತೇವೆ. ಥಾರ್ನ್‌ಬ್ಯಾಕ್ ಮೊಟ್ಟೆಗೆ ಬರಲು ಹಲವು ವರ್ಷ ಬೇಕು, ಬಂದ ಮೇಲೂ ಬಂಗುಡೆಯಂತೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನಲ್ಲ.

ಮಗ ರಾತ್ರಿ ಒಬ್ಬನೇ ಹೋಗುತ್ತಾನೆ. ಅವನಿಗೆ ಏನು ಹೇಳಲಿ? (ಕುಂದಾಪುರ)

ಒಬ್ಬನೇ ಹೋಗಬಾರದು ಎಂದು ಮೊದಲು ಹೇಳಿ, ತಾಯಿ. 12 ಮೀಟರ್ ಭರತದ ಮೂರನೆಯ ಗಂಟೆಯಲ್ಲಿ ನೀರು ನಿಮಿಷಕ್ಕೆ 5 ಸೆಂಟಿಮೀಟರ್ ಏರುತ್ತದೆ. 50 ಮೀಟರ್‌ಗೆ ಒಂದು ಮೀಟರ್ ಇಳಿಜಾರಿರುವ ದಡದಲ್ಲಿ ನೀರಿನ ಅಂಚು ನಿಮಿಷಕ್ಕೆ ಎರಡೂವರೆ ಮೀಟರ್ ಒಳಗೆ ಬರುತ್ತದೆ. ಅದೂ ಎದುರಿನಿಂದಲೇ ಬರಬೇಕೆಂದಿಲ್ಲ. ಬೆನ್ನ ಹಿಂದಿನ ತಗ್ಗು ಮೊದಲು ತುಂಬಿ, ನಿಂತ ದಿಬ್ಬ ದ್ವೀಪವಾಗಿಬಿಡುತ್ತದೆ. ಹಗಲಲ್ಲಿ ಒಮ್ಮೆ ಇಳಿತದಲ್ಲಿ ಬಂದು ವಾಪಸ್ ದಾರಿ ನೋಡಿಟ್ಟುಕೊಳ್ಳಲಿ, ಹೊರಡುವ ಗಂಟೆಯನ್ನು ಮೊದಲೇ ಗೊತ್ತು ಮಾಡಿ ಮನೆಯಲ್ಲಿ ತಿಳಿಸಲಿ. ಬ್ಯಾರಿ ಬಳಿಯ ಸಲ್ಲಿ ದ್ವೀಪಕ್ಕೆ ಇಳಿತದಲ್ಲಿ ಮಾತ್ರ ದಾರಿ ತೆರೆದಿರುತ್ತದೆ, ಅಲ್ಲಿ ಸಿಕ್ಕಿಕೊಂಡವರು ಬಹಳ. ವೆಸ್ಟನ್-ಸೂಪರ್-ಮೇರ್ ಸುತ್ತಿನ ಕೆಸರಿಗೆ ಕಾಲಿಡಲೇಬಾರದು. ಹೂತುಕೊಂಡರೆ ಒದ್ದಾಡದೆ ಹಿಂದಕ್ಕೆ ಒರಗಿ, ಭಾರ ಹರಡಿ, 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಬೇಕು. ಲ್ಯಾಂಟ್‌ವಿಟ್ ಮೇಜರ್ ಕಡೆಯ ಕಡಿದಾದ ಬಂಡೆಗಳು ಉದುರುತ್ತವೆ, ಬುಡದಲ್ಲಿ ಕೂರಬಾರದು. ತಲೆದೀಪ ಎರಡು, ತೇಲುಜಾಕೆಟ್ ಒಂದು ಇರಲೇಬೇಕು.

ತೊರಕೆ ಪುಳಿಮುಂಚಿ ಮಾಡಿದೆವು, ಅಮೋನಿಯದ ನಾತ. ಯಾಕೆ? (ಕಾರ್ಡಿಫ್)

ತೊರಕೆ, ತಾಟೆಗಳ ರಕ್ತ–ಮಾಂಸದಲ್ಲಿ ಯೂರಿಯ ಇರುತ್ತದೆ. ಸತ್ತ ಮೇಲೆ ಅದು ಅಮೋನಿಯವಾಗುತ್ತದೆ. ಚೀಲದಲ್ಲಿಟ್ಟು ಬೆಳಗ್ಗೆ ಕತ್ತರಿಸಿದರೆ ತಡವಾಯಿತು. ದಡದಲ್ಲೇ ಕೊಂದು, ರಕ್ತ ಬಸಿದು, ಕರುಳು ತೆಗೆದು, ರೆಕ್ಕೆಗಳನ್ನು ಕತ್ತರಿಸಿ ತೊಳೆದು ಮಂಜುಗಡ್ಡೆಯ ಡಬ್ಬಿಗೆ ಹಾಕಿ. ಮನೆಯಲ್ಲಿ ಕುದಿಯುವ ನೀರಿಗೆ ಒಂದು ನಿಮಿಷ ಹಾಕಿ ತೆಗೆದರೆ ಚರ್ಮ ಚಾಕುವಿನ ಬೆನ್ನಿಗೇ ಬರುತ್ತದೆ. ಹಸ್‌ಗೆ ಈ ಉಪಾಯ ನಡೆಯದು, ತಲೆಯ ಸುತ್ತ ಕೊಯ್ದು ಇಕ್ಕಳದಿಂದ ಬಾಲದತ್ತ ಎಳೆಯಬೇಕು. ನಾತ ಆಗಲೇ ಬಂದಿದ್ದರೆ ಹುಣಸೆ ಹೆಚ್ಚಿಸಿ ಮುಚ್ಚಲು ಹೋಗದೆ ಎಸೆದುಬಿಡಿ.