ಎಕ್ಸ್‌ರೇಯಲ್ಲಿ ಮರದ ಚೂರು ಕಾಣಲಿಲ್ಲ, ಮುಂದೇನು?

ಲೇತ್‌ನಲ್ಲಿ ಮರ ಕಡೆಯುವಾಗ ಸೀಳು ಹಾರಿ ತಮ್ಮನ ಕೆನ್ನೆಗೆ ಚುಚ್ಚಿತು, ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂತ ಹೊಲಿಗೆ ಹಾಕಿ ಕಳಿಸಿದರು, ಹತ್ತು ದಿನವಾದರೂ ಕೀವು ನಿಂತಿಲ್ಲ, ಸಿಟಿ ಮಾಡಿಸೋದಾ ಎಂಆರ್‌ಐ ಮಾಡಿಸೋದಾ ಅಂತ ಕೇಳಿದ್ದೀರಿ. ನನಗೆ ಮರಗೆಲಸ ಹವ್ಯಾಸ, ಹೊಟ್ಟೆಪಾಡು ಸ್ಕ್ಯಾನಿಂಗ್ ಟೆಕ್ನಿಷಿಯನ್ ಕೆಲಸ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮರದ ಮಟ್ಟಿಗೆ ಎಕ್ಸ್‌ರೇ ಹೆಚ್ಚುಕಡಿಮೆ ಕುರುಡು. ಲೋಹ, ಕಲ್ಲು ಚೆನ್ನಾಗಿ ಕಾಣುತ್ತವೆ. ಗಾಜು ಕಾಣಲ್ಲ ಅಂತ ಬಹಳ ಜನ ನಂಬಿದ್ದಾರೆ, ಅದು ತಪ್ಪು. 2 ಮಿ.ಮೀ. ಮೇಲಿನ ಗಾಜಿನ ಚೂರು ಸಾಮಾನ್ಯವಾಗಿ ಕಾಣುತ್ತದೆ. ಆದರೆ ಮರ, ಮುಳ್ಳು, ಪ್ಲಾಸ್ಟಿಕ್ ಸುತ್ತಲಿನ ಮಾಂಸದಲ್ಲಿ ಬೆರೆತುಹೋಗುತ್ತವೆ. ಆ ವರದಿ ನೆಚ್ಚಿಕೊಂಡು ಕೂರಬೇಡಿ.

ಕೆನ್ನೆಯ ಮಾಂಸದಲ್ಲಿ, ಚರ್ಮದಿಂದ ಒಂದೆರಡು ಸೆಂ.ಮೀ. ಒಳಗೆ ಹುಡುಕುವುದಾದರೆ ನಾನು ಮೊದಲು ಕೇಳುವುದು ಅಲ್ಟ್ರಾಸೌಂಡ್. ಹೊಟ್ಟೆ ನೋಡುವ ಪ್ರೋಬ್ (ಮೈಮೇಲೆ ಆಡಿಸುವ ಹಿಡಿ) ಸಾಲದು, 10 ಮೆಗಾಹರ್ಟ್ಸ್‌ಗಿಂತ ಮೇಲಿನ ಲೀನಿಯರ್, ಅಂದರೆ ನೇರ ಅಂಚಿನ ಪ್ರೋಬ್ ಬೇಕು. ಮರ ಬಿಳಿ ಗೆರೆಯಾಗಿ ಕಾಣುತ್ತದೆ, ಅದರ ಹಿಂದೆ ಕಪ್ಪು ನೆರಳು. ಇಷ್ಟು ದಿನವಾಗಿರುವುದರಿಂದ ಸುತ್ತ ಉರಿಯೂತದ ಕಪ್ಪು ಅಂಚೂ ಕಟ್ಟಿರಬಹುದು, ಹುಡುಕುವವರಿಗೆ ಅದೇ ಸುಳಿವು. ವಿಕಿರಣವಿಲ್ಲ, ಚರ್ಮದ ಮೇಲೆ ಅಲ್ಲೇ ಗುರುತು ಹಾಕಿಸಿಕೊಳ್ಳಬಹುದು. ಆದರೆ ಮೂಳೆಯ ಹಿಂದೆ, ಗಾಳಿ ತುಂಬಿದ ಸೈನಸ್ ಒಳಗೆ ಅದರ ಆಟ ನಡೆಯುವುದಿಲ್ಲ.

ಚೂರು ಅಷ್ಟು ಆಳಕ್ಕೆ, ಅಥವಾ ಕಣ್ಣಿನ ಗುಳಿಯತ್ತ ಹೋಗಿರುವ ಅನುಮಾನವಿದ್ದರೆ ಸಿಟಿಯೇ ಆಗಬೇಕು, 1 ಮಿ.ಮೀ. ಅಥವಾ ಇನ್ನೂ ತೆಳುವಾದ ಸ್ಲೈಸ್‌ಗಳಲ್ಲಿ. ಅಲ್ಲೂ ಮರ ಮೋಸ ಮಾಡುತ್ತದೆ. ಒಣಮರದ ತುಂಬ ಗಾಳಿ ಇರುತ್ತದಲ್ಲ. ಸಿಟಿಯಲ್ಲಿ ಸಾಂದ್ರತೆ ಹೇಳುವ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ನೀರು 0, ಗಾಳಿ -1000, ಒಣಮರ ಇವೆರಡರ ನಡುವೆ. ಮಾಂಸ ನೋಡುವ ಮಾಮೂಲಿ ವಿಂಡೋದಲ್ಲಿ (ಈ ಅಳತೆಯ ಎಷ್ಟು ಭಾಗವನ್ನು ಕಪ್ಪಿನಿಂದ ಬಿಳಿವರೆಗೆ ತೋರಿಸಬೇಕು ಅನ್ನುವ ಹೊಂದಿಕೆ) ಅದು ಗಾಯದೊಳಗೆ ಸಿಕ್ಕಿಕೊಂಡ ಗಾಳಿಯಂತೆ ಬರೀ ಕಪ್ಪು. ನಾನೇ ಸ್ಕ್ಯಾನ್ ಮಾಡಿದ ಒಬ್ಬರಲ್ಲಿ ಗಾಳಿ ಅಂದುಕೊಂಡು ಬಿಟ್ಟ ಗೆರೆ ಮೂರು ವಾರದ ಮೇಲೆ ಬಿದಿರಿನ ಸೀಳಾಗಿ ಹೊರಬಂತು. ನೆನೆದರೆ ಈಗಲೂ ಸಂಕಟವಾಗುತ್ತದೆ. ಕಪ್ಪು ಗೆರೆಗೆ ನೇರ ಅಂಚಿದ್ದರೆ ಅನುಮಾನ ಪಡಬೇಕು. ವಿಂಡೋ ಅಗಲಿಸಿದರೆ ಮರ, ಗಾಳಿ ಬೇರೆಬೇರೆಯಾಗುತ್ತವೆ. ದಿನ ಕಳೆದಂತೆ ಮರ ನೀರು ಹೀರಿ ಮಾಂಸದಂತೆಯೇ ಕಾಣತೊಡಗುತ್ತದೆ, ಹಸಿಮರವಂತೂ ಮೊದಲಿನಿಂದಲೇ ಕಷ್ಟ. ಆದ್ದರಿಂದ ಯಾವ ಮರ, ಒಣಗಿದ್ದೋ ಹಸಿಯೋ, ಚುಚ್ಚಿ ಎಷ್ಟು ದಿನವಾಯಿತು ಅನ್ನುವುದನ್ನು ಚೀಟಿಯಲ್ಲಿ ಬರೆಸಿ. ಸೀಳು ಎದ್ದ ತುಂಡು ಇನ್ನೂ ಇದ್ದರೆ ಜೊತೆಗೇ ಒಯ್ಯಿರಿ, ಎಷ್ಟು ಉದ್ದದ ಚೂರು ಕಾಣೆಯಾಗಿದೆ ಅಂತ ಅದೇ ಹೇಳುತ್ತದೆ.

ಹಲ್ಲಿನ ಡಾಕ್ಟರ ಬಳಿ ಇರುವ ಕೋನ್ ಬೀಮ್ ಸಿಟಿಗೆ ವಿಕಿರಣ ಕಡಿಮೆ, ಲೋಹ ಗಾಜಿಗೆ ಒಳ್ಳೆಯದು. ಮರಕ್ಕೆ ಅದನ್ನು ನಂಬಲಾರೆ.

ಎಂಆರ್‌ಐ ಕೊನೆಗಿರಲಿ. ಮಿಕ್ಕಿದ್ದರಲ್ಲಿ ಸಿಗದ ಮರ ಅದರಲ್ಲಿ ಕಪ್ಪಾಗಿ ಸಿಗಬಹುದು ನಿಜ. ಆದರೆ ಮರದಲ್ಲಿ ಹಳೆಯ ಮೊಳೆ ಇತ್ತೇ, ಉಳಿಯ ಮೊನೆ ಮುರಿದಿದೆಯೇ ನೋಡಿ. ಕಬ್ಬಿಣದ ಚೂರು ಅಯಸ್ಕಾಂತದೆದುರು ಜರುಗಬಹುದು, ಕಣ್ಣಿನಲ್ಲಿದ್ದರೆ ದೃಷ್ಟಿಯೇ ಹೋದೀತು. ನಿಮ್ಮ ಎಕ್ಸ್‌ರೇ ಲೋಹವಿಲ್ಲ ಅಂದಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ತಪ್ಪದೆ ತೋರಿಸಿ.

ಅಲ್ಲಿಯವರೆಗೆ ಮನೆಯಲ್ಲಿ ಚಿಮಟ ಹಾಕಿ ಕೆದಕಬೇಡಿ, ಕೆನ್ನೆಯೊಳಗೆ ಮುಖದ ನರದ ಕವಲುಗಳೂ ಜೊಲ್ಲಿನ ನಾಳವೂ ಹಾದುಹೋಗುತ್ತವೆ. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಕೇಳಿ. ಜ್ವರ, ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು ಇದ್ದರೆ ಇಲ್ಲಿನ ಉತ್ತರಗಳಿಗೆ ಕಾಯದೆ ಈಗಲೇ ಆಸ್ಪತ್ರೆಗೆ ಹೊರಡಿ.